ಕಾರು ಬ್ಯಾಂಕಿನದು, ಕೀಲಿ ನಿಮ್ಮದು

ಗಾಜಿನ ಬಾಗಿಲು ಮುಚ್ಚಿಕೊಂಡಿತೆಂದರೆ ಶಾರಾ-ಎ-ಫೈಸಲ್ ರಸ್ತೆಯ ಹಾರ್ನುಗಳೆಲ್ಲ ಹೊರಗೇ ಉಳಿಯುತ್ತವೆ. ನೀವೀಗ ಕರಾಚಿಯ ಇಸ್ಲಾಮಿ ಬ್ಯಾಂಕೊಂದರ ಶಾಖೆಯಲ್ಲಿದ್ದೀರಿ. ಪಕ್ಕದ ಕುರ್ಚಿಗಳಲ್ಲಿ ಅಪ್ಪ, ಮಗ. ಮಗನಿಗೆ ಸುಜುಕಿ ಆಲ್ಟೊ ಬೇಕು, ಅಪ್ಪನಿಗೆ ಬಡ್ಡಿ ಬೇಡ.

‘2027ರ ಕೊನೆಯೊಳಗೆ ಬಡ್ಡಿಯನ್ನು ದೇಶದಿಂದಲೇ ತೆಗೆಯಬೇಕೆಂದು ಶರಿಯತ್ ಕೋರ್ಟು 2022ರಲ್ಲೇ ತೀರ್ಪು ಕೊಟ್ಟಿದೆ. ನಾವು ಅಲ್ಲಿಯವರೆಗೆ ಕಾಯಬೇಕಾ?’ ಎನ್ನುತ್ತಾರೆ ಅಪ್ಪ. ಕಾಯಬೇಕಿಲ್ಲ. ಮೀಜಾನ್ ಬ್ಯಾಂಕ್ 2002ರಲ್ಲೇ ಪಾಕಿಸ್ತಾನದ ಮೊದಲ ಪೂರ್ಣ ಇಸ್ಲಾಮಿ ವಾಣಿಜ್ಯ ಬ್ಯಾಂಕಾಗಿತ್ತು. ಬ್ಯಾಂಕೇ ಕಾರು ಕೊಂಡು ಬಾಡಿಗೆಗೆ ಕೊಡುವ ಕಾರ್ ಇಜಾರಾ ಈ ಊರಿನವರಿಗೆ ಹೊಸದಲ್ಲ.

ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ ತಲೆಯೆತ್ತುತ್ತಾನೆ. ‘ನಿಮ್ಮ ಬಾಡಿಗೆಯೂ ಬ್ಯಾಂಕುಗಳ ನಡುವಿನ ಬಡ್ಡಿದರಕ್ಕೇ, ಆ ಕೈಬೋರ್‌ಗೇ ಅಂಟಿಕೊಂಡಿದೆಯಲ್ಲ? ಮತ್ತೇನು ವ್ಯತ್ಯಾಸ?’

‘ದರ ನೋಡಿದರೆ ಹೆಚ್ಚೇನೂ ಇಲ್ಲ’ ಎಂದು ಅಧಿಕಾರಿ ಒಪ್ಪಿಕೊಳ್ಳುತ್ತಾರೆ. ಆಮೇಲೆ ಕರಾರುಪತ್ರವನ್ನು ಅವನ ಕಡೆ ತಿರುಗಿಸಿ, ಒಂದು ಸಾಲಿನ ಕೆಳಗೆ ಪೆನ್ನಿನ ತುದಿ ಇಡುತ್ತಾರೆ. ನೀವೂ ಬಗ್ಗಿ ಓದುತ್ತೀರಿ: ಕಾರು ಕೈಸೇರಿದ ದಿನದಿಂದ ಮಾತ್ರ ಬಾಡಿಗೆ. ಕಾರಿಗೆ ತಿಂಗಳುಗಟ್ಟಲೆ ಕಾಯುವ, ಬೇಗ ಬೇಕೆಂದರೆ ಡೀಲರಿಗೆ ‘ಓನ್’ ಎಂದು ಮೇಲುಹಣ ತೆರುವ ಊರಿದು. ಮಾಮೂಲಿ ಸಾಲದಲ್ಲಾದರೆ ಹಣ ಬಿಡುಗಡೆಯಾದಂದೇ ಬಡ್ಡಿ ಓಡತೊಡಗುತ್ತದೆ. ಇಲ್ಲಿ ಮನೆ ಬಾಡಿಗೆಯದೇ ನ್ಯಾಯ: ಬೀಗದ ಕೈ ಕೊಡದೆ ಬಾಡಿಗೆ ಕೇಳುವಂತಿಲ್ಲ.

‘ಕಂತು ತಡವಾದರೆ?’ ಅಪ್ಪ ಕೇಳುತ್ತಾರೆ.

‘ಒಪ್ಪಿದ ಮೊತ್ತ ಕಟ್ಟಬೇಕು, ಹಾಜಿ ಸಾಹೇಬರೇ. ಅದು ದಾನಕ್ಕೆ ಹೋಗುತ್ತದೆ, ಬ್ಯಾಂಕಿನ ಲಾಭಕ್ಕೆ ಸೇರುವುದಿಲ್ಲ.’

ಅಪ್ಪನ ಮುಖ ಸಡಿಲಾಗುತ್ತದೆ. ಮಗ ಬಿಡುವವನಲ್ಲ. ‘ಕಾರು ಕಳುವಾದರೆ?’ ಸಿಗ್ನಲ್ಲಿನಲ್ಲಿ ಪಿಸ್ತೂಲು ತೋರಿಸಿ ವಾಹನ ಕಸಿಯುವ ಕಥೆ ಕೇಳದವರು ಕರಾಚಿಯಲ್ಲಿ ಯಾರಿದ್ದಾರೆ?

‘ಕಾರೇ ಇಲ್ಲದ ಮೇಲೆ ಬಾಡಿಗೆ ಎಲ್ಲಿಂದ? ನಿಂತುಹೋಗುತ್ತದೆ. ತಪ್ಪು ನಿಮ್ಮದಲ್ಲದಿದ್ದರೆ ನಷ್ಟ ಮಾಲೀಕನದು, ಅಂದರೆ ನಮ್ಮದು. ತಕಾಫುಲ್ ಹಣಕ್ಕೆ ನಾವೇ ಓಡಾಡುತ್ತೇವೆ.’ ತಕಾಫುಲ್ ಎಂದರೆ ಇಸ್ಲಾಮಿ ವಿಮೆ. ಕಟ್ಟುವುದು ಬ್ಯಾಂಕು, ಆದರೆ ಆ ಖರ್ಚೂ ಬಾಡಿಗೆಯ ಲೆಕ್ಕದೊಳಗೇ ಇದೆ. ಅದನ್ನೂ ಅಧಿಕಾರಿ ಮುಚ್ಚಿಡುವುದಿಲ್ಲ. ಅವಧಿ ಮುಗಿದ ಮೇಲೆ ಕಾರು ಗ್ರಾಹಕನ ಹೆಸರಿಗೆ ಆಗುವುದಕ್ಕೆ ಬೇರೆಯೇ ಕಾಗದ. ಬಾಡಿಗೆ ಮತ್ತು ಮಾರಾಟವನ್ನು ಒಂದೇ ಕರಾರಿನಲ್ಲಿ ಬೆರೆಸಲು ಶರಿಯತ್ ಒಪ್ಪುವುದಿಲ್ಲ.

ಮಗ ಮೊಬೈಲನ್ನು ಜೇಬಿಗಿಳಿಸಿ ಪೆನ್ನಿಗೆ ಕೈಚಾಚುತ್ತಾನೆ. ಅಪ್ಪ ನಿಮ್ಮ ಕಡೆ ನೋಡಿ ನಗುತ್ತಾರೆ.

‘ನಾನು ಬಂದದ್ದು ದೀನಿಗಾಗಿ, ಧರ್ಮಕ್ಕಾಗಿ. ಇವನು ಸಹಿ ಹಾಕುತ್ತಿರುವುದು ಕಳ್ಳರಿಗೆ ಹೆದರಿ. ಹಾಕು ಬೇಟಾ, ಹಾಕು!’