ಮೈಗೊಪ್ಪುವ ಬಂಡಿ

ಅಂಗಿಯನ್ನು ಹೊಲಿಸುವಾಗ ನಾವು ದರ್ಜಿಯ ಮುಂದೆ ತೋಳು ಚಾಚಿ ನಿಲ್ಲುತ್ತೇವೆ. ಪಾದರಕ್ಷೆಯನ್ನು ಕೊಳ್ಳುವಾಗ ಅಂಗಡಿಯಲ್ಲಿಯೇ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಕನ್ನಡಕವನ್ನಂತೂ ಕಣ್ಣಿನ ಪರೀಕ್ಷೆಯಾಗದೆ ಯಾರೂ ಧರಿಸುವುದಿಲ್ಲ. ಇವೆಲ್ಲಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣ ತೆತ್ತು ತರುವ ಮೋಟಾರು ಸೈಕಲ್ಲಿನ ವಿಷಯದಲ್ಲಿ ಮಾತ್ರ, ಅದು ಬಂದಂತೆಯೇ ಇರತಕ್ಕದ್ದೆಂದೂ ನಮ್ಮ ಮೈಯೇ ಅದಕ್ಕೆ ಒಗ್ಗಿಕೊಳ್ಳತಕ್ಕದ್ದೆಂದೂ ನಂಬಿರುತ್ತೇವೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣದ ಮಾತಾಯಿತು. ಹಾಸಿಗೆಯನ್ನೇ ಸ್ವಲ್ಪ ಉದ್ದಮಾಡಿಕೊಳ್ಳಲು ಅವಕಾಶವಿದ್ದಾಗಲೂ ಕಾಲು ಮಡಚಿಕೊಂಡೇ ಮಲಗಬೇಕೆಂದು ಅವರು ಎಲ್ಲಿಯೂ ಹೇಳಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಗುವುದಕ್ಕೆ ಕೆಲವು ವರ್ಷ ಮುಂಚೆ ಅಲ್ಲಿಂದ ಹೊರಬಿದ್ದ ಯೆಜ್ಡಿಯೊಂದನ್ನು ನಾನು ಬಹುಕಾಲ ಓಡಿಸಿದವನು. ಅದು ತಗ್ಗಿನ ಬಂಡಿ. ಎರಡು ಪಾದಗಳೂ ಸಲೀಸಾಗಿ ನೆಲ ಮುಟ್ಟುತ್ತಿದ್ದುವು. ಈಗ 58ನೆಯ ವಯಸ್ಸಿನಲ್ಲಿ, ದೂರ ಪ್ರಯಾಣಕ್ಕೆಂದೇ ನಿರ್ಮಿಸಿದ ಎತ್ತರದ ಹೊಸ ಮೋಟಾರು ಸೈಕಲ್ಲನ್ನು ಕೊಂಡಿದ್ದೇನೆ. ನಿವೃತ್ತಿಯಾದ ಬಳಿಕ ಮಲೆನಾಡು ಕರಾವಳಿಗಳನ್ನು ಬಂಡಿಯ ಮೇಲೆ ಸುತ್ತಬೇಕೆಂಬುದು ನನ್ನ ಮತ್ತು ನನ್ನ ಪತ್ನಿಯ ಬಹುದಿನದ ಆಸೆ. ಬಂಡಿಯೇನೋ ಬಂದಿತು, ಅದರ ಬೆನ್ನ ಹಿಂದೆಯೇ ಬಾಧೆಯೂ ಬಂದಿತು. ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿ ಹಿಡಿದರೆ, ಸಕ್ರೆಬೈಲಿನ ಆನೆಬಿಡಾರವನ್ನು ದಾಟುವುದರೊಳಗೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜುಮ್ಮೆನ್ನುವುವು. ಮಂಡಗದ್ದೆಗೆ ಬರುವ ವೇಳೆಗೆ ಅವು ಮತ್ತಾರದೋ ಬೆರಳುಗಳಾಗಿರುವುವು. ಆಗುಂಬೆ ಘಟ್ಟದ 14 ತಿರುವುಗಳಲ್ಲಿ ಮುಂದಿನ ಬ್ರೇಕನ್ನು ಹಿಡಿಯಬೇಕಾದವು ಈ ಬೆರಳುಗಳೇ. ಅವುಗಳಿಗೆ ಸ್ಪರ್ಶವೇ ತಿಳಿಯದಿದ್ದರೆ ಅದು ಬರಿಯ ಅಸೌಖ್ಯದ ಮಾತಲ್ಲ; ಹಿಂದೆ ಕುಳಿತವರ ಪ್ರಾಣದ ಮಾತು.

ಮಾರಿದ ಅಂಗಡಿಯಲ್ಲಿ ವಿಚಾರಿಸಿದರೆ, "ಎಲ್ಲರಿಗೂ ಸರಿಹೋಗಿದೆ ಸಾರ್, ನಿಮಗೂ ಅಭ್ಯಾಸವಾಗುತ್ತದೆ" ಎಂಬ ಉತ್ತರ ಸಿಕ್ಕಿತು. ಮನೆಯಲ್ಲಿ ಮಗನು, "ಅಪ್ಪಾ, ಇನ್ನು ಕಾರೇ ಸಾಕು, ಇದನ್ನು ಮಾರಿಬಿಡಿ" ಎಂದನು. ಬಂಡಿಯನ್ನು ಬಿಡುವುದಕ್ಕೆ ಮುಂಚೆ, ಎಲ್ಲರಿಗೂ ಎಂದರೆ ಯಾರಿಗೆ ಎಂಬುದನ್ನು ಸ್ವಲ್ಪ ಯೋಚಿಸಬೇಕೆಂದು ನನಗೆ ತೋರಿತು.

ಇದಕ್ಕೆ ಒಂದು ಹಳೆಯ ಲೆಕ್ಕವುಂಟು. ಅಮೆರಿಕದ ವಾಯುಸೇನೆಯವರು ವಿಮಾನದಲ್ಲಿ ಚಾಲಕರು ಕೂಡುವ ಸ್ಥಳವನ್ನು ಸರಾಸರಿ ಮನುಷ್ಯನ ಅಳತೆಗೆ ಕಟ್ಟಿಸುತ್ತಿದ್ದ ಕಾಲದಲ್ಲಿ, ಗಿಲ್ಬರ್ಟ್ ಡೇನಿಯಲ್ಸ್ ಎಂಬ ಅಧಿಕಾರಿಯು 4,063 ಮಂದಿಯ ದೇಹದ ಅಳತೆಗಳನ್ನು ಪರಿಶೀಲಿಸಿ 1952ರಲ್ಲಿ ವರದಿಯನ್ನು ಬರೆದನು. ಎತ್ತರ, ಎದೆ, ತೋಳು ಮುಂತಾದ ಹತ್ತು ಅಳತೆಗಳಲ್ಲಿಯೂ ಸರಾಸರಿಯ ಆಸುಪಾಸಿಗೆ ಬಂದವರು ಅವರಲ್ಲಿ ಎಷ್ಟು ಮಂದಿ? ಒಬ್ಬರೂ ಇಲ್ಲ! ಎಲ್ಲರಿಗೆಂದು ಮಾಡಿದ ಆಸನವು ಯಾರಿಗೂ ಮಾಡಿದುದಾಗಿರಲಿಲ್ಲ. ಹಿಂದು ಮುಂದಕ್ಕೆ, ಮೇಲು ಕೆಳಕ್ಕೆ ಜರುಗಿಸಬಹುದಾದ ಆಸನಗಳೇ ಬೇಕೆಂಬುದಕ್ಕೆ ಈ ವರದಿಯು ಬಲವಾದ ಆಧಾರವಾಯಿತು. ಮೋಟಾರು ಸೈಕಲ್ಲನ್ನು ನಿರ್ಮಿಸುವವರಿಗೂ ಈ ತತ್ತ್ವ ತಿಳಿಯದ್ದಲ್ಲ. ಹೊಂದಿಸಿಕೊಳ್ಳುವ ಅವಕಾಶವನ್ನು ಅವರು ಅಲ್ಲಲ್ಲಿ ಇಟ್ಟಿರುತ್ತಾರೆ. ಅದನ್ನು ಯಾರೂ ಬಿಚ್ಚದ ಕೈಪಿಡಿಯಲ್ಲಿ ಬರೆದೂ ಇರುತ್ತಾರೆ.

ನಮ್ಮ ಬೀದಿಯ ಮೆಕ್ಯಾನಿಕ್ ಹುಡುಗನು ಈ ಕೆಲಸಕ್ಕೆ ನನ್ನ ಗುರು. ಅವನು ಮೊದಲು ಹೇಳಿದ್ದು ಎರಡು ಮಾತು: "ಬಿಚ್ಚುವುದಕ್ಕೆ ಮುಂಚೆ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ ಸಾರ್. ಒಂದು ದಿನಕ್ಕೆ ಒಂದೇ ಬದಲಾವಣೆ." ಎರಡನ್ನು ಒಟ್ಟಿಗೆ ಮಾಡಿದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದು. ನಾನು ಒಂದು ನೋಟುಬುಕ್ಕನ್ನು ಇಟ್ಟೆನು.

ಆಸನದ ಅಡಿಯಲ್ಲಿ ಅದನ್ನು ಕೂಡಿಸಲು ಎರಡು ನೆಲೆಗಳಿದ್ದುವು. ಒಂದಕ್ಕೂ ಇನ್ನೊಂದಕ್ಕೂ 20 ಮಿಲಿಮೀಟರು ಅಂತರ. ಕೆಳಗಿನ ನೆಲೆಗೆ ಇಳಿಸಿದಾಗ, ತುದಿಬೆರಳಿನ ಮೇಲೆ ನಿಲ್ಲುತ್ತಿದ್ದ ನನಗೆ ಮುಂಗಾಲೂರುವಷ್ಟು ನೆಲ ಸಿಕ್ಕಿತು. ಬಳಿಕ ಹಿಂಬದಿಯ ಸ್ಪ್ರಿಂಗು. ಚಕ್ರವನ್ನು ಎತ್ತಿ ತೂಗಬಿಟ್ಟು ಅಚ್ಚಿನಿಂದ ಆಸನದ ಕೆಳಗಿನ ಒಂದು ಗುರುತಿಗೆ ಟೇಪು ಹಿಡಿದು ಅಳೆಯುವುದು; ಆಮೇಲೆ ಸವಾರನು ಕುಳಿತು ಮತ್ತೆ ಅಳೆಯಿಸುವುದು. ಚಕ್ರವು ಮೇಲಕ್ಕೆ ಚಲಿಸಬಲ್ಲ ಒಟ್ಟು ದೂರದಲ್ಲಿ ಸುಮಾರು ಮೂರರಲ್ಲೊಂದು ಭಾಗದಷ್ಟು ಬಂಡಿ ತಗ್ಗಬೇಕೆಂದು ವಾಡಿಕೆ. ನನ್ನ ಬಂಡಿಯಲ್ಲಿ ಆ ದೂರ 200 ಮಿಲಿಮೀಟರು. ನಾನು ಕುಳಿತರೆ ತಗ್ಗುತ್ತಿದ್ದುದು 40 ಮಾತ್ರ. ಸ್ಪ್ರಿಂಗಿನ ಬಿಗಿಯನ್ನು ಸಡಿಲಿಸಿ 60ಕ್ಕೆ ತಂದಾಗ ರಸ್ತೆಯ ಕಲ್ಲುಗಳೆಲ್ಲ ಮೃದುವಾದಂತೆ ತೋರಿತು.

ಇನ್ನು ಕೈಯ ಸಂಗತಿ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯೊಂದರಲ್ಲಿ ಸ್ನಾಯುರಜ್ಜುಗಳ ಜೊತೆಯಲ್ಲಿ ಒಂದು ನರವು ಹಾದುಹೋಗುತ್ತದೆಂದೂ, ಕೈಯನ್ನು ಬಹಳ ಹೊತ್ತು ಮೇಲಕ್ಕೆ ಮುರಿದಂತೆ ಹಿಡಿದರೆ ಆ ನರಕ್ಕೆ ಒತ್ತಡ ಬಿದ್ದು ಈ ಮೂರು ಬೆರಳುಗಳೇ ಮರಗಟ್ಟುತ್ತವೆಂದೂ ವೈದ್ಯರು ತಿಳಿಸಿದರು. ಬ್ರೇಕಿನ ಲಿವರು ನನ್ನ ತೋಳಿನ ಇಳಿಜಾರಿಗೆ ಮೀರಿ ಮೇಲೆ ನಿಂತಿತ್ತು. ಅದರ ಪಟ್ಟಿಯನ್ನು ಸಡಿಲಿಸಿ, ಮೊಣಕೈಯಿಂದ ಬೆರಳ ತುದಿಯ ವರೆಗೆ ಒಂದೇ ಗೆರೆಯಾಗುವಂತೆ ಕೆಳಕ್ಕೆ ತಿರುಗಿಸಿದೆವು. ಲಿವರಿನ ಬುಡದ ಚಿಕ್ಕ ಚಕ್ರವನ್ನು ತಿರುಗಿಸಿ ಅದನ್ನು ಬೆರಳುಗಳ ಸಮೀಪಕ್ಕೆ ತಂದೆವು. ಇನ್ನೊಂದು ದಿನ, ಹ್ಯಾಂಡಲನ್ನು ಹಿಡಿದಿರುವ ನಾಲ್ಕು ಬೋಲ್ಟುಗಳನ್ನು ಸಡಿಲಿಸಿ ಅದನ್ನು ಕೂದಲೆಳೆಯಷ್ಟು ನನ್ನ ಕಡೆಗೆ ಹೊರಳಿಸಿದೆವು. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಲದಿಂದ ಬಿಗಿದು, ಎರಡು ಕಡೆಗೂ ಪೂರ್ತಿ ತಿರುಗಿಸಿ ಯಾವ ಕೇಬಲ್ಲೂ ಎಳೆಯದೆಂಬುದನ್ನು ನೋಡಿಕೊಂಡ ಮೇಲೆಯೇ ಹುಡುಗನು ಬಂಡಿಯನ್ನು ಬೀದಿಗೆ ಬಿಟ್ಟನು. ಆ ವಾರ ಸಕ್ರೆಬೈಲು ಕಳೆಯಿತು, ಮಂಡಗದ್ದೆ ಕಳೆಯಿತು, ಬೆರಳುಗಳು ನನ್ನವಾಗಿಯೇ ಉಳಿದುವು.

ಕಾರ್ಯ ಮುಗಿಯಿತೆಂದು ಪತ್ನಿಯನ್ನು ಕೂರಿಸಿಕೊಂಡು ಹೊರಟೆ. ನನಗೆ ಮೃದುವಾಗಿದ್ದ ಸ್ಪ್ರಿಂಗು ಇಬ್ಬರ ಭಾರಕ್ಕೆ ತಳಮುಟ್ಟಿ, ಹಳ್ಳ ಸಿಕ್ಕಿದಾಗಲೆಲ್ಲ ಆಕೆಯ ಬೆನ್ನಿಗೆ ಬಡಿಯತೊಡಗಿತು. "ಒಂದು ತಿಂಗಳಿಂದ ನಿಮ್ಮ ಕೈಯ ಉಪಚಾರವೇ ನಡೆದಿದೆ. ಹಿಂದೆ ಕುಳಿತವಳಿಗೂ ಒಂದು ಮೈಯಿದೆಯೆಂದು ಆ ಪುಸ್ತಕದಲ್ಲಿ ಬರೆದಿಲ್ಲವೆ?" ಎಂದು ಆಕೆ ಕೇಳಿದಳು. ಬರೆದಿದ್ದಿತು, ಮುಂದಿನ ಪುಟದಲ್ಲಿಯೇ! ಇಬ್ಬರು ಕುಳಿತರೆ ಇಷ್ಟು, ಸಾಮಾನೂ ಇದ್ದರೆ ಇಷ್ಟು ಎಂದು ಸ್ಪ್ರಿಂಗಿನ ಬಿಗಿಗೂ ಟಯರಿನ ಗಾಳಿಗೂ ಬೇರೆ ಬೇರೆ ಲೆಕ್ಕ ಕೊಟ್ಟಿದ್ದರು. ಅಂದಿನಿಂದ ನನ್ನ ನೋಟುಬುಕ್ಕಿನಲ್ಲಿ ಎರಡು ಹಾಳೆಗಳಾದುವು: ಒಬ್ಬನೇ ಹೋಗುವಾಗಿನದೊಂದು, ಜೊತೆಯಲ್ಲಿ ಹೋಗುವಾಗಿನದೊಂದು. ಹೊರಡುವ ಮುನ್ನ ಸ್ಪ್ಯಾನರು ಹಿಡಿದು ಸ್ಪ್ರಿಂಗಿಗೆ ಈ ದಿನ ಯಾರು ಬರುತ್ತಾರೆಂಬುದನ್ನು ತಿಳಿಸಬೇಕಾಗುತ್ತದೆ. ಎರಡು ನಿಮಿಷದ ಕೆಲಸ. ಒಂದು ಮನೆಯಲ್ಲಿ ಇಬ್ಬರು ಬಾಳುವುದಕ್ಕೂ ಇದಕ್ಕಿಂತ ಹೆಚ್ಚಿನ ಉಪಾಯ ಬೇಕಾಗುವುದಿಲ್ಲವೆಂದು ನನ್ನ ಅನುಭವ.

ಆದರೆ ಎಲ್ಲವನ್ನೂ ಸ್ಪ್ಯಾನರಿನಿಂದ ಸರಿಪಡಿಸಲಾಗದು. ಆಕೆ ಪಾದವಿಡುವ ಜಾಗವು ಮೇಲೆ ಕೆಳಗೆ ಜರುಗುವಂಥದಲ್ಲ. ಆಕೆಯ ಮೊಣಕಾಲು ನೋವು ಅಲ್ಲಿಯೇ ಉಳಿಯಿತು. ಅದಕ್ಕೆ ನಾವು ಕಂಡುಕೊಂಡ ಪರಿಹಾರವೆಂದರೆ ನಲವತ್ತು ಕಿಲೋಮೀಟರಿಗೊಮ್ಮೆ ಇಳಿದು ಹತ್ತು ನಿಮಿಷ ಅಡ್ಡಾಡುವುದು. ಯಂತ್ರವು ಎಷ್ಟು ಬಾಗುವುದೋ ಅಷ್ಟನ್ನು ಕೇಳಿ ಪಡೆದುಕೊಳ್ಳಬೇಕು. ಉಳಿದುದಕ್ಕೆ ನಾವು ಬಾಗುವುದರಲ್ಲಿ ಅವಮಾನವಿಲ್ಲ. ಕೇಳುವುದಕ್ಕೆ ಮುಂಚೆಯೇ ಬಾಗಿಬಿಡುವುದು ಮಾತ್ರ ವಿನಯವಲ್ಲ, ಆಲಸ್ಯ.

ಈ ವರ್ಷ ಇಬ್ಬರೂ ಆಗುಂಬೆಯನ್ನು ಇಳಿದು ಉಡುಪಿಗೆ ಹೋಗಿ ಬಂದೆವು. ನೋಟುಬುಕ್ಕಿನಲ್ಲಿ ಇನ್ನೂ ಬರಿಯ ಹಾಳೆಗಳಿವೆ. ಅರವತ್ತೈದರ ಮೈಗೆ ಬೇರೆ ಅಳತೆ ಬೇಕಾದೀತು. ಯಾವ ಬೋಲ್ಟನ್ನು ತಿರುಗಿಸಿದರೂ ನನ್ನ ಬೆರಳಿಗೆ ಬ್ರೇಕು ತಿಳಿಯದಿರುವ ದಿನ ಬಂದರೆ ಬೀಗದಕೈಯನ್ನು ಮಗನಿಗೆ ಒಪ್ಪಿಸತಕ್ಕದ್ದೆಂದು ಆಕೆಯೂ ನಾನೂ ಮಾತನಾಡಿಕೊಂಡಿದ್ದೇವೆ. ಆ ದಿನವನ್ನು ಗುರುತಿಸುವ ಹೊಣೆ ಹಿಂದೆ ಕುಳಿತವಳದು.