ಮತ ಹಾಕಿ ತೆರೆದ ಬಾಗಿಲು

ಪಾರ್ಕ್ ಸ್ಟ್ರೀಟಿಗೆ ಹೊರಳಿದೊಡನೆ ಕಾಲು ತಾನಾಗಿ ನಿಂತಿತು. ಇದೊಂದು ಸರ್ಕಾರಿ ಹೈಸ್ಕೂಲೇ! ತಿಳಿಹಳದಿ ಇಟ್ಟಿಗೆಯ ಕಟ್ಟಡ ರೆಕ್ಕೆ ಬಿಚ್ಚಿ ಕೂತ ಹಕ್ಕಿಯಂತಿದೆ. ಮುಂದೆ ಕೊಳ, ಎರಡೂ ಬದಿಯಿಂದ ಏರುವ ಮೆಟ್ಟಿಲು, ಬಾಗಿಲುಗಳ ಮೇಲೆ ನಾಲ್ಕು ಮೂರ್ತಿಗಳು. ಅವುಗಳ ಹೆಸರು ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಅಮೆರಿಕದ ಅರ್ಕನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್ ಸುಮಾರು ಎರಡು ಲಕ್ಷ ಜನರ ಊರು. 1927ರಲ್ಲಿ 15 ಲಕ್ಷ ಡಾಲರ್ ಸುರಿದು ಅದು ತನ್ನ ಮಕ್ಕಳಿಗಾಗಿ ಕಟ್ಟಿಸಿದ್ದು ಈ ಸೆಂಟ್ರಲ್ ಹೈಸ್ಕೂಲ್.

ತನ್ನ ಮಕ್ಕಳೆಂದರೆ ಬಿಳಿಯರ ಮಕ್ಕಳು ಮಾತ್ರ. ಕಪ್ಪುವರ್ಣೀಯರಿಗೆ 1929ರಲ್ಲಿ ಡನ್‌ಬಾರ್ ಶಾಲೆ ಬೇರೆಯಾಗಿಯೇ ಎದ್ದಿತು.

ಜಾಗ ತೋರಿಸುವ ಪಾರ್ಕ್ ರೇಂಜರ್ ಜೊತೆ ನಡೆಯುತ್ತಾ ಬಸ್ ನಿಲ್ದಾಣದ ಬೆಂಚಿನ ಬಳಿ ಬಂದೆವು. 1957ರ ಸೆಪ್ಟೆಂಬರ್ 4. ಬಿಳಿಯರ ಈ ಶಾಲೆಗೆ ಸೇರಲು ಹೊರಟ ಒಂಬತ್ತು ಕಪ್ಪು ಮಕ್ಕಳಲ್ಲಿ ಒಬ್ಬಳಾದ ಹದಿನೈದರ ಎಲಿಜಬೆತ್ ಎಕ್‌ಫರ್ಡ್ ತಾನೇ ಹೊಲಿದುಕೊಂಡ ಬಟ್ಟೆ ತೊಟ್ಟು ಒಬ್ಬಳೇ ಬಂದಿದ್ದಳು. ಎಲ್ಲರೂ ಒಟ್ಟಿಗೆ ಹೋಗೋಣವೆಂಬ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಮನೆಯಲ್ಲಿ ಫೋನ್ ಇರಲಿಲ್ಲ. ಗವರ್ನರ್ ಫಾಬಸ್ ನಿಲ್ಲಿಸಿದ್ದ ಸೈನಿಕರು ಅವಳನ್ನು ಒಳಗೆ ಬಿಡಲಿಲ್ಲ. ಬೆನ್ನಟ್ಟಿದ ಗುಂಪಿನ ಬೈಗುಳದ ನಡುವೆ ಆ ಹುಡುಗಿ ಇಲ್ಲಿಗೆ ಬಂದು ಬಸ್ಸಿಗಾಗಿ ಕಾದಳು. ಮೂರು ವಾರದ ಮೇಲೆ ಅಧ್ಯಕ್ಷ ಐಸೆನ್‌ಹೋವರ್ ಕಳಿಸಿದ ಸೇನೆಯ ಕಾವಲಿನಲ್ಲಿ ಆ ಒಂಬತ್ತು ಮಕ್ಕಳು ಮೆಟ್ಟಿಲು ಹತ್ತಿದರು.

ಇಷ್ಟನ್ನು ನಾನು ಓದಿ ಬಲ್ಲೆ. ಆದರೆ ಮುಂದಿನ ವರ್ಷದ ಕಥೆ ಕೇಳಿ ಬೆರಗಾದೆ.

ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ಶಾಲೆ ಮುಚ್ಚುವುದೇ ಮೇಲೆಂದು ಗವರ್ನರ್ 1958ರಲ್ಲಿ ಊರಿನ ನಾಲ್ಕೂ ಹೈಸ್ಕೂಲುಗಳಿಗೆ ಬೀಗ ಹಾಕಿಸಿದರು. ಊರು ಮತ ಹಾಕಿ ಒಪ್ಪಿತು. 3,665 ಮಕ್ಕಳು ಹೊರಗೆ. ಮೇಷ್ಟರುಗಳು ಮಾತ್ರ ದಿನವೂ ಬಂದು ಖಾಲಿ ಬೆಂಚುಗಳ ಮುಂದೆ ಕೂತರು. ಫುಟ್‌ಬಾಲ್ ಪಂದ್ಯಗಳೂ ನಿಲ್ಲಲಿಲ್ಲ! ಆ ವರ್ಷವನ್ನು ಇಂದಿಗೂ 'ಕಳೆದುಹೋದ ವರ್ಷ' ಎನ್ನುತ್ತಾರೆ.

ಅಲ್ಲಿ ಶಾಲೆಗಳನ್ನು ನಡೆಸುವುದು 'ಶಾಲಾ ಜಿಲ್ಲೆ'. ಅದರ ಮಂಡಳಿಯನ್ನು ಆರಿಸುವವರು ಊರಿನವರೇ. ಅವರ ಮನೆ-ಜಮೀನಿನ ತೆರಿಗೆಯಿಂದಲೂ ಅದರ ಬೊಕ್ಕಸ ತುಂಬುತ್ತದೆ. ಆರಿಸುವ ಆ ಹಕ್ಕನ್ನೇ ಹಿಡಿದು ಅಡಾಲ್ಫೀನ್ ಟೆರ್ರಿ ಎಂಬ ಹಿರಿಯಾಕೆ ಶಾಲೆ ತೆರೆಸಲು ಮಹಿಳೆಯರನ್ನು ಕೂಡಿಸಿದರು. 1959ರ ಮೇ ತಿಂಗಳಲ್ಲಿ ಮಂಡಳಿ 44 ಶಿಕ್ಷಕರು, ಸಿಬ್ಬಂದಿಯನ್ನು ಕೆಲಸದಿಂದ ಕಿತ್ತಾಗ ಊರು ಎದ್ದುನಿಂತಿತು. ಪ್ರತ್ಯೇಕತೆ ಬೇಕೆಂದ ಮೂವರು ಸದಸ್ಯರನ್ನು ಮತ ಹಾಕಿ ಇಳಿಸಿತು. ಆಗಸ್ಟ್‌ನಲ್ಲಿ ಶಾಲೆಗಳು ತೆರೆದವು. ಮುಚ್ಚಲು ಒಪ್ಪಿದ್ದೂ ಅದೇ ಊರು, ತೆರೆಸಿದ್ದೂ ಅದೇ ಊರು. ನಡುವೆ ಒಂದು ವರ್ಷವೂ ತುಂಬಿರಲಿಲ್ಲ.

ಸೆಂಟ್ರಲ್ ಈಗ ರಾಷ್ಟ್ರೀಯ ಸ್ಮಾರಕ, ಜೊತೆಗೆ ಇವತ್ತಿಗೂ ಪಾಠ ನಡೆಯುವ ಶಾಲೆ. ನಾವು ಮೆಟ್ಟಿಲ ಕೆಳಗೆ ನಿಂತಿದ್ದಾಗ ಗಂಟೆ ಹೊಡೆಯಿತು. ಎಲ್ಲ ಬಣ್ಣದ ಮಕ್ಕಳು ಚೀಲ ಹೊತ್ತು ನುಗ್ಗಿ ಬಂದರು. ಭಾರದ ಬಾಗಿಲನ್ನು ಹುಡುಗಿಯೊಬ್ಬಳು ಭುಜ ಕೊಟ್ಟು ಹಿಡಿದು, ಹಿಂದಿನವರೆಲ್ಲ ದಾಟುವವರೆಗೂ ಹಾಗೆಯೇ ನಿಂತಿದ್ದಳು.