ದೊಡ್ಡ ಬೆಟ್ಟ, ದೊಡ್ಡಪ್ಪ, ದೊಡ್ಡವಳು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಎದುರುಬದುರು ಎರಡು ಬೆಟ್ಟಗಳಿವೆ. ಗೊಮ್ಮಟ ನಿಂತಿರುವ ವಿಂಧ್ಯಗಿರಿ ಊರವರ ಬಾಯಲ್ಲಿ ದೊಡ್ಡಬೆಟ್ಟ, ಚಂದ್ರಗಿರಿ ಚಿಕ್ಕಬೆಟ್ಟ. ಆದರೆ ಸುಮಾರು 600ರ ಹೊತ್ತಿನ ಶಾಸನವಿರುವ ಚಿಕ್ಕಬೆಟ್ಟದ ಚರಿತ್ರೆಯೇ ಹಿರಿದು. ಗೊಮ್ಮಟ ಬಂದದ್ದು 10ನೇ ಶತಮಾನದ ಕೊನೆಯಲ್ಲಿ.

ಹೊಸದಾಗಿ ಕನ್ನಡ ಕಲಿಯುವವರು ಎಡವುವುದು ಈ ‘ದೊಡ್ಡ’ದಲ್ಲೇ. ದೊಡ್ಡ ಮನೆ, ದೊಡ್ಡ ಹುಡುಗ, ದೊಡ್ಡ ಹುಡುಗಿ ಎನ್ನುವಾಗ ಪದ ಅಲುಗುವುದಿಲ್ಲ. ವಾಕ್ಯದ ಕೊನೆಗೆ ಬಂತೆನ್ನಿ, ಲಿಂಗ ವಚನಗಳೆಲ್ಲ ಅಂಟಿಕೊಳ್ಳುತ್ತವೆ: ಮನೆ ದೊಡ್ಡದು, ಹುಡುಗ ದೊಡ್ಡವನು, ಅವರು ದೊಡ್ಡವರು. ‘ಹುಡುಗಿ ದೊಡ್ಡವಳಾದಳು’ ಎಂದರೆ ಬರೀ ಎತ್ತರದ ಮಾತಲ್ಲ, ಮೈನೆರೆದಳು ಎಂಬ ಅರ್ಥವೂ ಇದೆ. ಇದನ್ನು ವ್ಯಾಕರಣದ ಪುಸ್ತಕಕ್ಕಿಂತ ಮನೆಯ ಹೆಂಗಸರೇ ಚೆನ್ನಾಗಿ ಕಲಿಸಿಯಾರು.

ಸ್ಪ್ಯಾನಿಷ್‌ನಲ್ಲೂ ಇಂಥದ್ದೇ ಪದವೊಂದಿದೆ, ‘ಗ್ರಾಂದೆ’. ‘ಓಂಬ್ರೆ ಗ್ರಾಂದೆ’ ಎಂದರೆ ದೊಡ್ಡ ಆಳು. ಅದೇ ಪದ ಮುಂದೆ ಬಂದು, ಬಾಲ ಕಳೆದುಕೊಂಡು ‘ಗ್ರಾನ್ ಓಂಬ್ರೆ’ ಆದರೆ ಮಹಾನುಭಾವ. ಅಲ್ಲಿ ಜಾಗ ಬದಲಾದರೆ ಅರ್ಥ ಬದಲು.

ಕನ್ನಡದಲ್ಲಿ ಆ ಕೆಲಸವನ್ನು ಸಂಧಿ ಮಾಡುತ್ತದೆ. ದೊಡ್ಡ ಅಪ್ಪ ಸೇರಿ ದೊಡ್ಡಪ್ಪನಾದ ಮೇಲೆ ಅವನು ಕುಳ್ಳಗಿದ್ದರೂ ದೊಡ್ಡಪ್ಪನೇ, ಅಪ್ಪನ ಅಣ್ಣ. ಹಾಸನದ ಬಸ್ಸಿನಲ್ಲಿ ‘ದೊಡ್ಡಮ್ಮ, ಸ್ವಲ್ಪ ಸರೀರಿ’ ಎಂದು ಅಪರಿಚಿತೆಯನ್ನು ಕೇಳಬಹುದು. ‘ದೊಡ್ಡ ಅಮ್ಮ’ ಎಂದು ಬಿಡಿಸಿ ಕರೆದರೆ ಆಕೆ ತಿರುಗಿ ನೋಡಿಯಾಳು.